ಕಡಲಿಗೆ ಹೊರಟ ಚೀಲ

ನನ್ನ ಭಾವಮೈದ ಹೋದ ವರ್ಷದವರೆಗೆ ಏಳು ಸಲ ಕಡಲಿಗೆ ಹೊರಟಿದ್ದ. ಹೋಗಿರಲಿಲ್ಲ, ಹೊರಟಿದ್ದ. ಇವೆರಡಕ್ಕೂ ಏನು ವ್ಯತ್ಯಾಸ ಎನ್ನುವಿರಾ? ಅರಸೀಕೆರೆಯ ಅವನ ತೆಂಗಿನಕಾಯಿ ಮಂಡಿಗೆ ಬಂದು ಅವನನ್ನೇ ಕೇಳಿ. ಕಾಯಿ ರಾಶಿಯಿಂದ ಕಣ್ಣು ತೆಗೆಯದೆ ಹೇಳುತ್ತಾನೆ: "ಹೋಗೋದೇನು ದೊಡ್ಡದಲ್ಲ ಕಣ್ರೀ. ಹೊರಡೋದು ದೊಡ್ಡದು."

ನಮ್ಮ ಹಿರಿಯರಲ್ಲಿ ಪ್ರಸ್ಥಾನ ಇಡುವುದು ಎಂಬ ಪದ್ಧತಿಯಿತ್ತು. ಪ್ರಯಾಣದ ದಿನ ಪಂಚಾಂಗದಲ್ಲಿ ಚೆನ್ನಾಗಿಲ್ಲದಿದ್ದರೆ, ಅದಕ್ಕೆ ಮುಂಚಿನ ಒಂದು ಒಳ್ಳೆಯ ದಿನ ನೋಡಿ, ಹೋಗುವ ದಿಕ್ಕಿನ ಯಾರದಾದರೂ ಮನೆಯಲ್ಲಿ ಒಂದು ಚೀಲ ಇಟ್ಟು ಬರುವುದು. ಚೀಲ ಹೊರಟಿತೆಂದರೆ ಮನುಷ್ಯನೂ ಹೊರಟ ಹಾಗೆ. ಆಮೇಲೆ ಯಾವ ದಿನವಾದರೂ ಹೋಗಿ, ದಾರಿಯಲ್ಲಿ ಚೀಲ ಎತ್ತಿಕೊಂಡು ಮುಂದುವರಿದರಾಯಿತು. ಕೆಟ್ಟ ದಿನದ ಕಣ್ಣಿಗೆ ನಾವು ಬೀಳುವುದೇ ಇಲ್ಲ. ಈಗ ಯಾರೂ ಇದನ್ನು ಮಾಡುವುದಿಲ್ಲ, ಇವನೊಬ್ಬನನ್ನು ಬಿಟ್ಟು.

ಮೊದಲ ಸಲ ಚೀಲವಿಟ್ಟ ಮನೆಯವರು ಮಗಳ ಬಾಣಂತನಕ್ಕೆಂದು ಬೀಗ ಹಾಕಿಕೊಂಡು ಹೋದರು. ಇನ್ನೊಂದು ಸಲ ಆ ಚೀಲದ ಮೇಲೆ ಬೆಕ್ಕೊಂದು ಮರಿ ಹಾಕಿತು. ಎತ್ತಿಕೊಂಡು ಬಾ ಎಂದರೆ, "ಬಾಣಂತೀನ ಎಬ್ಬಿಸಿ ಚೀಲ ಎಳೆಯೋದಾ ಭಾವ? ಕಡಲು ಎಲ್ಲೋಗ್ತದೆ, ಅಲ್ಲೇ ಇರ್ತದೆ" ಎಂದ. ಮೂರನೆಯ ಸಲಕ್ಕೆ ಅವನ ಹೆಂಡತಿ ಕೈಮುಗಿದುಬಿಟ್ಟಳು. "ನೀವು ಹೊರಡ್ತಾ ಇರಿ, ನಾನು ಮನೆ ನೋಡ್ಕೊಳ್ತೀನಿ" ಎಂದವಳು ಇಂದಿಗೂ ಆ ಮಾತಿಗೆ ತಪ್ಪಿಲ್ಲ.

ನಾನು ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರನಾಗಿದ್ದವನು. ಐದಕ್ಕೆ ಏಳು, ಐದೂಕಾಲಿಗೆ ನಡೆ, ಆರಕ್ಕೆ ಸ್ನಾನ. ಇವತ್ತಿಗೂ ಜೇಬಿನಲ್ಲಿ ಸೀಟಿ ಇಲ್ಲದೆ ಹೊಸ್ತಿಲು ದಾಟುವುದಿಲ್ಲ. ಇಂಥವನಿಗೆ ಇಂಥ ಭಾವಮೈದನನ್ನು ಯಾರು ಗಂಟು ಹಾಕಿದರು? ತಪ್ಪು ನನ್ನದೇ. ಹೆಣ್ಣು ನೋಡಲು ಹೋದ ದಿನವೇ ಸುಳಿವು ಸಿಕ್ಕಿತ್ತು. ಆಗ ಅವನಿಗೆ ಎಂಟು ವರ್ಷ. ಅಪ್ಪನ ಮಂಡಿಯಲ್ಲಿ ಕಾಯಿಯನ್ನು ಬೆರಳ ಗಣ್ಣಿನಿಂದ ತಟ್ಟಿ, ಕಿವಿಯ ಬಳಿ ಅಲ್ಲಾಡಿಸಿ, ಬಲಿತದ್ದು ಯಾವುದು ಎಳೆಯದು ಯಾವುದು ಎಂದು ಹೇಳಲು ಆಗತಾನೆ ಕಲಿತಿದ್ದನಂತೆ. ನಾನು ಗಂಭೀರವಾಗಿ ಉಪ್ಪಿಟ್ಟು ತಿನ್ನುತ್ತಿದ್ದಾಗ ಹಿಂದಿನಿಂದ ಬಂದು ನನ್ನ ನೆತ್ತಿಗೆ ಟಕ್ ಟಕ್ ಎಂದು ಎರಡು ಬಾರಿಸಿ, ಕಿವಿಯಿಟ್ಟು ಕೇಳಿ, ಒಳಗೆ ಕೂಗಿ ಹೇಳಿದ: "ಅಪ್ಪಾ, ಬಲಿತೈತೆ. ನೀರು ಕಮ್ಮಿ."

ಮದುವೆ ಗೊತ್ತಾಯಿತು. ಅಂದಿನಿಂದ ಅವನು ಕಲ್ಲಂಗಡಿ, ಟ್ರಂಕು, ಬಾಗಿಲು, ಡಾಕ್ಟರರ ಮೇಜು ಎಲ್ಲವನ್ನೂ ತಟ್ಟಿಯೇ ನಂಬುತ್ತಾ ಬಂದಿದ್ದಾನೆ.

ಹೋದ ಬೇಸಿಗೆಯಲ್ಲಿ ಮಾತ್ರ ಕಡಲಿನ ವಿಷಯ ತಮಾಷೆಯಾಗಿ ಉಳಿಯಲಿಲ್ಲ. ನನ್ನ ಮೊಮ್ಮಗಳಿಗೆ ಹನ್ನೊಂದು ತುಂಬಿತ್ತು. ಹಾಸನದ ಆಚೆಗಿನ ಒಂದು ವಸತಿ ಶಾಲೆಯಲ್ಲಿ ಅವಳಿಗೆ ಸೀಟು ಸಿಕ್ಕಿ, ಜೂನ್ ಮೊದಲ ವಾರ ಸೇರಬೇಕಿತ್ತು. ಪರೀಕ್ಷೆ ಬರೆದು ಗೆದ್ದವಳು ಅವಳೇ. ಆದರೂ ಸೀಟು ಸಿಕ್ಕಿದ ದಿನದಿಂದ ಅನ್ನ ಕಲಸುತ್ತಾ ಕೂರುತ್ತಿದ್ದಳು. ಒಂದು ಬೆಳಿಗ್ಗೆ ನನ್ನನ್ನೂ ಭಾವಮೈದನನ್ನೂ ಜಗಲಿಯಲ್ಲಿ ಕೂರಿಸಿದಳು. ಅವಳಿಗೆ ನಾನು ಸೀಟಿ ತಾತ, ಅವನು ಕಾಯಿ ತಾತ.

"ನನಗೆ ಕಡಲು ನೋಡಬೇಕು. ಸೇರೋಕೆ ಮುಂಚೆ. ಇಬ್ಬರೂ ತಾತಂದಿರೂ ಬರಬೇಕು. ಈ ಸಲ ಆಗಲಿಲ್ಲ ಅಂದ್ರೆ ನಾನು ಇನ್ಯಾವತ್ತೂ ಕೇಳಲ್ಲ."

ಹಟ ಮಾಡಿದ್ದರೆ ಗದರಿಸಬಹುದಿತ್ತು. ಅವಳು ಹಟ ಮಾಡಲಿಲ್ಲ. ಅದೇ ಕಷ್ಟವಾಯಿತು.

ನೋಡಿ, ಅಂದಿನಿಂದ ನಮ್ಮ ಮನೆಗೆ ಎಂಥ ಕಳೆ ಬಂತು! ಅಳಿಯನ ರಜೆ ಮೇ ತಿಂಗಳ ಒಂದು ಶುಕ್ರವಾರದಿಂದ ಎಂದು ತೀರ್ಮಾನವಾಯಿತು. ನಾನು ದೊಡ್ಡ ಡ್ರಾಯಿಂಗ್ ಹಾಳೆಯಲ್ಲಿ ವೇಳಾಪಟ್ಟಿ ಬರೆದೆ. ಐದೂ ಐವತ್ತಕ್ಕೆ ಕಾರು ಬಿಡುವುದು. ಏಳೂವರೆಗೆ ಹಳೇಬೀಡು. ಎಂಟೂಕಾಲಿಗೆ ಬೇಲೂರು, ತಿಂಡಿ ಇಪ್ಪತ್ತು ನಿಮಿಷ. ಆಮೇಲೆ ಮೂಡಿಗೆರೆ, ಚಾರ್ಮಾಡಿ ಘಾಟಿ, ಮೂರು ಗಂಟೆಗೆ ಕಡಲು. ಕಡಲಿನ ಎದುರಿಗೆ "ಆನಂದಪಡುವುದು, ಎರಡು ಗಂಟೆ" ಎಂದು ಕೆಂಪು ಶಾಯಿಯಲ್ಲಿ ಬರೆದೆ.

ಮೊಮ್ಮಗಳು ಅದರ ಕೆಳಗೆ ತನ್ನದೊಂದು ಷರತ್ತು ಸೇರಿಸಿದಳು: ದಾರಿಯಲ್ಲಿ ಯಾವ ದೇವಸ್ಥಾನಕ್ಕೂ ಇಳಿಯತಕ್ಕದ್ದಲ್ಲ.

"ಬೇಲೂರು ಮೇಲೇ ಹೋಗಿ ಕೇಶವನಿಗೆ ಕೈ ಮುಗಿಯದೆ ಹೋಗೋದೇನೇ?" ಎಂದಳು ನನ್ನ ಹೆಂಡತಿ.

"ಅಜ್ಜಿ, ನೆಂಟರು ಬಂದ್ರೆ ಬೇಲೂರು ಹಳೇಬೀಡು. ಸ್ಕೂಲ್ ಟ್ರಿಪ್ಪು ಬೇಲೂರು ಹಳೇಬೀಡು. ನನ್ನ ಹೋದ ಬರ್ತ್‌ಡೇಗೂ ಬೇಲೂರು. ಹದಿನಾಲ್ಕು ಸಲ ಆಯ್ತು. ಅಲ್ಲಿ ಆನೆಗಳಿಗೇ ನನ್ನ ಗುರುತು ಸಿಗುತ್ತೆ."

ಅನುಮೋದಿಸಲಾಯಿತು. ಈ ಭಾಗದವರ ಕಷ್ಟ ಹೊರಗಿನವರಿಗೆ ಅರ್ಥವಾಗುವುದಿಲ್ಲ. ಲೋಕವೆಲ್ಲ ನೋಡಲು ಬರುವ ಕಲ್ಲಿನ ಹೂವುಗಳನ್ನು ನಾವು ನೆಂಟರ ಚಪ್ಪಲಿ ಕಾಯುತ್ತಾ ನೋಡಿದವರು.

ಭಾವಮೈದ ಇಷ್ಟು ಹೊತ್ತೂ ಪಂಚಾಂಗ ತಿರುವುತ್ತಿದ್ದ. "ಶುಕ್ರವಾರ ಪಶ್ಚಿಮಕ್ಕೆ ಶೂಲೆ ಐತೆ ಭಾವ. ಆ ದಿಕ್ಕಿಗೆ ಹೊರಡಂಗಿಲ್ಲ. ಕಡಲಿರೋದು ಪಶ್ಚಿಮಕ್ಕೇ."

"ಅದನ್ನ ಸ್ವಲ್ಪ ಪೂರ್ವಕ್ಕೆ ಸರಿಸೋಣ ಬಿಡಯ್ಯ" ಎಂದೆ.

"ತಮಾಷೆ ಬ್ಯಾಡಿ. ಬುಧವಾರ ಪ್ರಸ್ಥಾನ ಇಟ್ಟುಬಿಡೋಣ. ಏಳು ಸಲ ಯಾಕೆ ಕೆಟ್ಟೋಯ್ತು ಅಂತ ಈಗ ಹೊಳೀತು. ಚೀಲ ತೀರಾ ಹತ್ತಿರದಲ್ಲಿಡ್ತಿದ್ದೆ. ಈ ಸಲ ಹಗರೆಗೇ ಹೋಗಿ ಇಡ್ತೀನಿ. ನನ್ನ ಸ್ನೇಹಿತ ಅವ್ನೆ, ಹಾಲಿನ ಡೈರಿಯವನು."

ಹಗರೆ ಎಂದರೆ ಬೇಲೂರಿಗೆ ಹೋಗುವ ದಾರಿಯಲ್ಲಿ ಅರ್ಧಕ್ಕಿಂತ ಆಚೆ. ಹೋಗುವ ಪ್ರತಿಯೊಬ್ಬರದೂ ಒಂದೊಂದು ವಸ್ತು ಚೀಲದಲ್ಲಿರಬೇಕಂತೆ. ಹೆಂಡತಿ ಒಂದು ಸೀರೆ ಕೊಟ್ಟಳು, ಮಗಳು ದುಪಟ್ಟಾ, ಅಳಿಯ ತಂಪು ಕನ್ನಡಕ, ಮೊಮ್ಮಗಳು ಹೊಸದಾಗಿ ತಂದ ಈಜುಡುಗೆ. ನಾನು ಏನೂ ಕೊಡುವುದಿಲ್ಲ ಎಂದೆ. ನನ್ನ ಹೆಂಡತಿ ಗೋಡೆಯಿಂದ ವೇಳಾಪಟ್ಟಿಯನ್ನೇ ಬಿಚ್ಚಿ, ಸುತ್ತಿ, ತಮ್ಮನ ಚೀಲಕ್ಕೆ ತುರುಕಿದಳು. ಬುಧವಾರ ಅವನು ಬಸ್ಸಿನಲ್ಲಿ ಹೋಗಿ, ಚೀಲವಿಟ್ಟು, ಬಸ್ಸಿನಲ್ಲೇ ಬಂದ. ಅಂದರೆ ನಾವು ಆರೂ ಜನ ಬುಧವಾರವೇ ಹೊರಟಿದ್ದೆವು. ಗುರುವಾರವೆಲ್ಲ ಹೊರಟವರ ಗತ್ತಿನಲ್ಲೇ ಮನೆಯಲ್ಲಿ ಕೂತಿದ್ದೆವು.

ಶುಕ್ರವಾರ ಐದೂ ಐವತ್ತಕ್ಕೆ ಸೀಟಿ ಊದಿದೆ. ಕಾರು ಹೊರಟಿತು. ಡಿಕ್ಕಿಯಲ್ಲಿ ಒಂದು ಮೂಟೆ ತೆಂಗಿನಕಾಯಿ. "ಕಡಲತೀರದವರಿಗೆ ಕಾಯಿ ಒಯ್ಯುವವನು ಪ್ರಪಂಚದಲ್ಲಿ ನೀನೊಬ್ಬನೇ ಕಣಯ್ಯ" ಎಂದೆ. "ಅಲ್ಲಿನ ಕಾಯಿ ನಾನು ತಟ್ಟಿ ನೋಡಿಲ್ಲ ಭಾವ" ಎಂದ. ಜಾವಗಲ್ ದಾಟಿತು. ಹಳೇಬೀಡಿನ ಮುಂದೆ ಹಾಯುವಾಗ ಮೊಮ್ಮಗಳು ಶಾಸ್ತ್ರಕ್ಕೆ ಕಣ್ಣು ಮುಚ್ಚಿಕೊಂಡಳು. ಎಂಟಕ್ಕೆ ಮುಂಚೆಯೇ ಹಗರೆ ತಲುಪಿದೆವು.

ಮನೆಗೆ ಬೀಗ.

ಪಕ್ಕದ ಮನೆಯಾಕೆ ಎಮ್ಮೆ ಕಟ್ಟುತ್ತಾ ಹೇಳಿದಳು. "ಮಾಲೇಕಲ್ಲಿಗೆ ಹೋದ್ರಲ್ಲ, ಮೊಮ್ಮಗಂದು ಮುಡಿ ಕೊಡೋಕೆ. ಮೊದಲನೇ ಬಸ್ಸಿಗೇ ಹತ್ತಿದ್ರು."

"ನಾವು ಬರೋದು ಅವರಿಗೆ ಗೊತ್ತಿರಲಿಲ್ವಾ?" ಎಂದು ಭಾವಮೈದನನ್ನು ಕೇಳಿದೆ.

"ಯಾವತ್ತು ಬತ್ತೀವಿ ಅಂತ ಹೇಳಬಾರದು ಭಾವ. ಹೇಳಿದ್ರೆ ಪ್ರಸ್ಥಾನಕ್ಕೆ ಬಲ ಇರಲ್ಲ."

ಅಷ್ಟರಲ್ಲಿ ಅವನ ಹೆಂಡತಿಯ ಫೋನು ಬಂತು. ಆಕೆಯ ದನಿ ಕಾರಿಗೆಲ್ಲ ಕೇಳುತ್ತಿತ್ತು. "ರೀ, ಹಗರೆಯೋರು ಈಗ ಬಂದು ನಿಮ್ಮ ಚೀಲ ಕೊಟ್ಟು ಹೋದ್ರು. ಪ್ರಸ್ಥಾನದ ಚೀಲ ಬೀಗ ಹಾಕಿದ ಮನೇಲಿ ಇರಬಾರದಂತೆ. ಮಾಲೇಕಲ್ಲಿಗೆ ಹೆಂಗೂ ಅರಸೀಕೆರೆ ಮೇಲೇ ಹೋಗಬೇಕಲ್ಲ ಅಂತ ತಂದರಂತೆ. ಎಲ್ಲಿಡಲಿ?"

ಜಾವಗಲ್ ಹತ್ತಿರ ಎಲ್ಲೋ ನಾವೂ ನಮ್ಮ ಚೀಲವೂ ಎದುರುಬದುರಾಗಿ ದಾಟಿದ್ದೆವು! ಭಾವಮೈದ ಕಾರಿನಿಂದಿಳಿದು ಮೈಲಿಗಲ್ಲಿನ ಮೇಲೆ ಕುಳಿತ. ಅವನ ಮುಖ ನೋಡಿದರೆ ನಗು ಬರಲಿಲ್ಲ.

"ಮುಗೀತು ಭಾವ. ಚೀಲ ಮನೆ ಸೇರ್ತು. ಶಾಸ್ತ್ರದ ಪ್ರಕಾರ ನಾವು ಹೋಗಿ ಬಂದಾಯ್ತು. ಈಗ ಮುಂದಕ್ಕೆ ಹೋದ್ರೆ ಶೂಲೆಗೆ ಎದೆ ಕೊಟ್ಟಂಗೆ. ಮಗು ಹೊಸ ಶಾಲೆಗೆ ಹೋಗೋ ವರ್ಷ. ನಾನೊಬ್ಬನೇ ಆಗಿದ್ರೆ ನೋಡ್ಕೋತಿದ್ದೆ. ಮಗೂನ ಕರ್ಕೊಂಡು ಹೆಂಗೆ ಹೋಗ್ಲಿ?"

"ನೀನು ಬಸ್ಸಲ್ಲಿ ವಾಪಸ್ ಹೋಗು, ನಾವು ಮುಂದಕ್ಕೆ ಹೋಗ್ತೀವಿ" ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಇಬ್ಬರು ತಾತಂದಿರೂ ಇರಬೇಕೆಂಬ ಮಾತು ನೆನಪಾಗಿ ನುಂಗಿಕೊಂಡೆ. ಅಳಿಯ ಕಾರಿನ ಮುಖ ತಿರುಗಿಸಲೋ ಬೇಡವೋ ಎಂದು ನನ್ನನ್ನು ನೋಡಿದ. ಉತ್ತರ ವೇಳಾಪಟ್ಟಿಯಲ್ಲಿತ್ತೇನೋ, ಅದು ಅರಸೀಕೆರೆಯಲ್ಲಿತ್ತು.

ಮೊಮ್ಮಗಳು ಇಳಿದು ಹೋಗಿ ಅವನ ಮುಂದೆ ಕುಕ್ಕುರುಗಾಲಿನಲ್ಲಿ ಕೂತಳು.

"ಕಾಯಿ ತಾತ, ಚೀಲ ಮನೆಗೆ ಬಂತು ಅಂದ್ರೆ ಕಡಲಿನ ಟ್ರಿಪ್ಪು ಮುಗೀತು. ಓಕೆ?"

"ಹೂಂ."

"ಈಗ ಹಗರೇಲಿದ್ದೀವಿ. ಸುಮ್ನೆ ಬೇಲೂರಿಗೆ ಹೋಗೋಣ. ಬೇಲೂರಿಗೆ ಹೋಗೋಕೆ ನಮ್ಮ ಕಡೆ ಯಾರಾದ್ರೂ ಪಂಚಾಂಗ ನೋಡ್ತಾರಾ?"

ಅವನು ತಲೆಯೆತ್ತಿದ. "ಬೇಲೂರಿಗೆ ಯಾರು ನೋಡ್ತಾರವ್ವ."

"ದೇವಸ್ಥಾನಕ್ಕೆ ಇಳಿಯೋಣ. ಪೂರ್ತಿ ಸುತ್ತೋಣ. ನೀನು ಕಾಯಿ ಒಡಿಸು. ಆಮೇಲೆ ಅಲ್ಲಿಂದ ಎಲ್ಲಿಗಾದ್ರೂ ಹೋದ್ರೆ, ಅದು ಮನೆಯಿಂದ ಹೊರಟಿದ್ದಲ್ಲ, ದೇವಸ್ಥಾನದಿಂದ ಹೊರಟಿದ್ದು. ದೇವರ ಮನೆಯಿಂದ ಹೊರಟೋರಿಗೆ ಶೂಲೆ ಇದೆಯಾ?"

ಭಾವಮೈದ ಕೈ ಚಾಚಿ ಅವಳ ನೆತ್ತಿಗೆ ಗಣ್ಣಿನಿಂದ ಟಕ್ ಟಕ್ ಎಂದು ತಟ್ಟಿ, ಕಿವಿಯಿಟ್ಟು ಕೇಳಿದ.

"ಬಲಿತೈತೆ ಭಾವ" ಎಂದು ಎದ್ದು ಕಾರು ಹತ್ತಿದ.

ಹೀಗೆ ನಮ್ಮ ಹುಡುಗಿ ಹದಿನೈದನೆಯ ಸಲ ಬೇಲೂರು ನೋಡಿದಳು. ಒಂದು ಮಾತೂ ಗೊಣಗಲಿಲ್ಲ. ಸಾಲದ್ದಕ್ಕೆ ಯಾರೋ ಪ್ರವಾಸಿಗರಿಗೆ ಕಂಬಗಳನ್ನು ತೋರಿಸಿ ವಿವರಣೆಯನ್ನೂ ಕೊಟ್ಟಳು. ನನ್ನ ಲೆಕ್ಕದ ಇಪ್ಪತ್ತು ನಿಮಿಷದ ತಿಂಡಿ ಎರಡು ಗಂಟೆಯಾಯಿತು. ನನಗೆ ಬುದ್ಧಿ ತಿಳಿದ ಮೇಲೆ ವೇಳಾಪಟ್ಟಿಯಿಲ್ಲದೆ ಮಾಡಿದ ಮೊದಲ ಪ್ರಯಾಣ ಅದು. ಘಾಟಿಯ ತಿರುವುಗಳಲ್ಲಿ ಎಲ್ಲೋ ಒಂದು ಕಡೆ ನಾನು ಕೈಗಡಿಯಾರ ನೋಡುವುದನ್ನೇ ಮರೆತಿದ್ದೆ ಎಂದು ಹೆಂಡತಿ ಇಂದಿಗೂ ಸಾಕ್ಷಿ ಹೇಳುತ್ತಾಳೆ.

ನಾವು ಇಳಿದ ವಸತಿಗೃಹದ ಒಡತಿ ನಮ್ಮ ಮೂಟೆ ನೋಡಿ, "ಇದೆಂತದು ಮಾರಾಯ್ರೆ? ಇಲ್ಲಿ ಕಾಯಿ ಇಲ್ವಾ?" ಎಂದರು.

"ಐತೆ ತಾಯಿ, ನೋಡಿದೆ. ಮರದ ಮೇಲೈತೆ. ತಟ್ಟೋಕೆ ಕೈಗೆ ಸಿಗಲ್ಲ" ಎಂದ.

ಅಂತೂ ಎಂಟನೆಯ ಸಲಕ್ಕೆ ಅವನು ಕಡಲಿನ ಮುಂದೆ ನಿಂತ. ಪಂಚೆ ಎತ್ತಿ ಕಟ್ಟಿ, ಬಗ್ಗಿ, ಅಲೆಗೆ ಕಿವಿಗೊಟ್ಟು ಆಲಿಸಿದ. ನಾವೆಲ್ಲ ತೀರ್ಪಿಗೆ ಕಾದೆವು. "ನೀರು ಬಹಳ ಐತೆ ಭಾವ. ಕೊಬ್ಬರಿ ಆಗೋಕೆ ಇನ್ನೂ ಕಾಲ ಹಿಡೀತದೆ" ಎಂದ.

ಈಜುಡುಗೆ ಅರಸೀಕೆರೆಯಲ್ಲಿತ್ತು, ಮೊಮ್ಮಗಳು ಹಾಕಿಕೊಂಡಿದ್ದ ಚೂಡಿದಾರದಲ್ಲೇ ನೀರಿಗಿಳಿದಳು. ಮೊಣಕಾಲಿನಷ್ಟಕ್ಕೆ ಎಂದು ಒಪ್ಪಂದವಾಗಿತ್ತು. ಅವಳು ಸೊಂಟ ದಾಟಿದಾಗ ನಾನು ಸೀಟಿ ಊದಿದೆ. ಅಲ್ಲಿ ಆಡುತ್ತಿದ್ದ ಯಾವುದೋ ಊರಿನ ಶಾಲೆಯ ಮಕ್ಕಳೆಲ್ಲ ನೀರಿನಿಂದೆದ್ದು ಬಂದು ನನ್ನ ಮುಂದೆ ಸಾಲಾಗಿ ನಿಂತರು. ಇವಳೊಬ್ಬಳು ಬರಲಿಲ್ಲ. ಕಾಯಿ ತಾತನ ಕೈ ಹಿಡಿದು ಅಲೆ ಬಂದಾಗಲೆಲ್ಲ ಎಗರುತ್ತಿದ್ದಳು. ಅವನೂ ಎಗರುತ್ತಿದ್ದ!

ಹೊರಡುವ ದಿನ ಮರಳ ಮೇಲೆ ಕುಳಿತು ಕಪ್ಪೆಚಿಪ್ಪು ಆರಿಸುತ್ತಿದ್ದವಳು ಅವನನ್ನು ಕೇಳಿದಳು. "ತಾತ, ಹೋಗೋಕೆ ಮಾತ್ರಾನಾ? ವಾಪಸ್ ಬರೋಕೂ ಪ್ರಸ್ಥಾನ ಇಡಬಹುದಾ?"

ಅವನು ಅವಳ ಕೈಯಲ್ಲಿದ್ದ ಚಿಪ್ಪನ್ನು ತೆಗೆದುಕೊಂಡು ಉಗುರಿನಿಂದ ತಟ್ಟಿ ನೋಡಿದ. ಅವಳು ಕೇಳಿದ್ದು ಅವತ್ತು ನಾವು ಊರಿಗೆ ಮರಳುವ ಮಾತೆಂದೇ ನಾನು ತಿಳಿದೆ.

ಜೂನಿನಲ್ಲಿ ಅವಳನ್ನು ಶಾಲೆಗೆ ಬಿಡಲು ಹೋದೆವು. ಗೇಟಿನ ಮುಂದೆ ಅವಳು ಅಪ್ಪನ ಅಂಗಿಯ ತೋಳು ಹಿಡಿದವಳು ಬಿಡಲೊಲ್ಲಳು. ಅಳುತ್ತಿರಲಿಲ್ಲ, ಬಿಡುತ್ತಿರಲಿಲ್ಲ. ಸಾವಿರ ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಿದ ನನಗೆ ಆ ಒಂದು ಕೈಯನ್ನು ಬಿಡಿಸುವುದು ಹೇಗೆಂದು ತಿಳಿಯಲಿಲ್ಲ.

ಭಾವಮೈದ ಜೇಬಿನಿಂದ ಒಂದು ಸಣ್ಣ ಬಟ್ಟೆಯ ಚೀಲ ತೆಗೆದ. "ಇದರೊಳಗೆ ನಿಂದು ಒಂದು ಸಾಮಾನು ಹಾಕವ್ವ."

ಅವಳು ಅವನನ್ನು ನೋಡಿದಳು. ಆಮೇಲೆ ತೋಳು ಬಿಟ್ಟು, ಬ್ಯಾಗಿನಿಂದ ಕಡಲಿನ ಚಿಪ್ಪನ್ನು ಹುಡುಕಿ ತೆಗೆದು ಚೀಲಕ್ಕೆ ಹಾಕಿದಳು.

ಗೇಟಿನ ಎದುರಿಗೆ, ಅರಸೀಕೆರೆಯ ದಿಕ್ಕಿಗೆ, ಒಂದು ಚಹಾದಂಗಡಿಯಿತ್ತು. ಅವನು ಅಂಗಡಿಯಾಕೆಗೆ ಏನೋ ತಿಳಿಹೇಳಿ, ಗೋಡೆಯ ಮೊಳೆಯನ್ನು ತಟ್ಟಿ ಭದ್ರವೆಂದು ನಂಬಿಕೆಯಾದ ಮೇಲೆ ಚೀಲವನ್ನು ನೇತುಹಾಕಿದ. ನನ್ನನ್ನು ಯಾರೂ ಕೇಳಿರಲಿಲ್ಲ. ಆದರೂ ನಾನು ಹೋಗಿ, ಚೀಟಿಯೊಂದರಲ್ಲಿ "ದಸರಾ ರಜೆ. ಬೆಳಿಗ್ಗೆ ಆರು ಗಂಟೆ. ಗೇಟಿನ ಮುಂದೆ ಇಬ್ಬರು ತಾತಂದಿರು" ಎಂದು ಬರೆದು ಅದರೊಳಗಿಟ್ಟೆ.

ಮೊಮ್ಮಗಳು ಮೊಳೆಯನ್ನೊಮ್ಮೆ ನೋಡಿ, ಬ್ಯಾಗು ಹೆಗಲಿಗೇರಿಸಿ ಒಳಗೆ ನಡೆದಳು.

"ಮಗು ಮನೆಗೆ ಹೊರಟಾಯ್ತು ಭಾವ" ಎಂದ ಅವನು, ಗೇಟಿನಿಂದ ಕಣ್ಣು ತೆಗೆಯದೆ. "ಇನ್ನು ಬರೋದೇನು ದೊಡ್ಡದಲ್ಲ."

ನಾನು ಗಡಿಯಾರ ನೋಡಿದೆ. ಹತ್ತು ಗಂಟೆ ಐದು ನಿಮಿಷ. ನೋಟುಬುಕ್ಕು ತೆಗೆದು, ಅವಳು ಹೊರಟ ಸಮಯವನ್ನು ಬರೆದುಕೊಂಡೆ.