ಗುಜರಿ ಕಾಡಾಯಿತು, ಕಾಡು ಬೋಳಾಯಿತು

ನಾನು ಹೆದರಿ ಸಾಯುವಾಗಲೆಲ್ಲ ಪಕ್ಕದಲ್ಲೇ ನಗುವಂಥದ್ದೊಂದು ನಡೆಯುತ್ತಿರುತ್ತದೆ. ತಾರಿಹಾಳದ ಆಚೆಯ ನಮ್ಮ ಗುಡ್ಡದ ಕಾಡಿನ ವಿಷಯದಲ್ಲೂ ಹಾಗೇ ಆಯಿತು.

೧. ಕಾಕುನ ಜಳಕ

ಸುಡುಬೇಸಿಗೆಯಲ್ಲಿ ಸಣ್ಣ ವಿಮಾನವೊಂದು ನಾಲ್ಕು ದಿನ ಗುಡ್ಡದ ಮೇಲೆ ಗೆರೆ ಎಳೆದಂತೆ ಹಾರಾಡಿತು. ಕಾಡು ಎಲ್ಲಿದೆ, ಎಲ್ಲಿಲ್ಲ ಎಂದು ರಾಡಾರ್‌ನಿಂದ ನಕ್ಷೆ ಮಾಡುತ್ತಾರಂತೆ. ಕಾಡಿಲ್ಲ ಎಂದು ಬಂದ ಜಾಗ ಕಾರ್ಖಾನೆ ಶೆಡ್ಡುಗಳಿಗೆ. ನನಗೆ ಆ ಭಯ. ಪಕ್ಕದ ಮನೆಯ ಮುದುಕಿ ಕಾಕುಗೆ ಬೇರೆ ಭಯ. ರಾಡಾರ್ ಫೋಟೊ ತೆಗೆಯುವುದಿಲ್ಲ, ಅಲೆ ಕಳಿಸಿ ತಿರುಗಿ ಬಂದದ್ದನ್ನು ಅಳೆಯುತ್ತದೆ, ಮೋಡವೂ ಅದಕ್ಕೆ ಅಡ್ಡ ಬರುವುದಿಲ್ಲ ಎಂದು ನಾನೇ ಓದಿ ಕಲಿತದ್ದನ್ನು ಹೇಳಿದೆ.

"ಮೋಡದಾಗಿಂದ ಕಾಣತೈತಿ ಅಂದ್ರ ನನ್ನ ಬಚ್ಚಲದ ತಗಡು ಯಾವ ಲೆಕ್ಕ?" ಎಂದಳು.

ನಾಲ್ಕು ದಿನವೂ ಸೀರೆ ಉಟ್ಟೇ ಜಳಕ ಮಾಡಿದಳು.

೨. ಬೇವೂ ಹುಟ್ಟದ ಕಾಡು

ನಕ್ಷೆ ಬಂತು. ನಮ್ಮ ಕಾಡು 'ಬೋಳು ನೆಲ' ಆಗಿತ್ತು. ಬೇಸಿಗೆಯಲ್ಲಿ ಗಿಡಗಳು ಎಲೆ ಉದುರಿಸುತ್ತವೆ ಎಂದು ಕುರಿ ಕಾಯುವವರನ್ನು ಕೇಳಿದ್ದರೂ ಹೇಳುತ್ತಿದ್ದರು. ಕೇಳುವ ಚಟ ನಕ್ಷೆ ಮಾಡಿಸಿದ ಕಚೇರಿಗಿಲ್ಲ. ಪಕ್ಕದ ಗುಜರಿಯ ಕಬ್ಬಿಣದ ರಾಶಿ ಮಾತ್ರ ಅಲೆಗಳನ್ನು ಜೋರಾಗಿ ತಿರುಗಿಸಿ ಕಳಿಸಿ 'ದಟ್ಟ ಕಾಡು' ಎನಿಸಿಕೊಂಡಿತ್ತು.

ಗುಜರಿ ಮಾಲೀಕ ಬೆವರುತ್ತ ಬಂದ. ಕಾಡಿನೊಳಗೆ ಅಂಗಡಿ ಇಟ್ಟಿದ್ದೀ ಎಂದು ಎಬ್ಬಿಸಿಯಾರೆಂಬ ಹೆದರಿಕೆ. ಇಬ್ಬರೂ ಸೇರಿ ಒಂದೇ ಅರ್ಜಿ ಬರೆದೆವು: ಅವನದು ಕಾಡಲ್ಲ, ನಮ್ಮದು ಕಾಡು, ಬಂದು ನೋಡಿ. ಸಹಿ ಹಾಕುವಾಗಲೂ ಅವನದು ಒಂದೇ ಮಾತು.

"ಅಣ್ಣಾರ, ಇಪ್ಪತ್ತ ವರ್ಷ ಆತ್ರಿ, ನನ್ನ ಗುಜರ್ಯಾಗ ಒಂದ ಬೇವಿನ ಗಿಡಾನೂ ಹುಟ್ಟಿಲ್ರಿ."

೩. ಸಾಹೇಬರ ತಪಾಸಣೆ

ಶ್ರಾವಣದಲ್ಲಿ, ಗಿಡಗಳೆಲ್ಲ ಚಿಗುರಿ ಹಬ್ಬಿದ ಮೇಲೆ, ಆ ಕಚೇರಿಯ ಸಾಹೇಬರು ಬಂದರು. ಗುಜರಿಯನ್ನು 'ಕಾಡಲ್ಲ' ಎಂದು ಬರೆದು ಒಂದು ನಿಮಿಷದಲ್ಲಿ ಮುಗಿಸಿದರು. ಗುಡ್ಡದ ಬುಡದಲ್ಲಿ ನನ್ನನ್ನು ತಡೆದರು. ನಾನು ಜೊತೆಗಿದ್ದರೆ ಒತ್ತಡ ಹಾಕಿದಂತಾಗುತ್ತದಂತೆ, ನಕ್ಷೆ ಕೈಯಲ್ಲೇ ಇದೆಯಂತೆ. ಒಬ್ಬರೇ ಒಳಗೆ ಹೋದರು. ನನಗೆ ಸಿಟ್ಟು, ಸಿಟ್ಟಿಗಿಂತ ಹೆಚ್ಚು ಹೆದರಿಕೆ. ಅವರ ಪೆನ್ನಿನ ಒಂದು ಗೀಟಿಗೆ ಇಡೀ ಕಾಡು ಹೋಗುತ್ತಿತ್ತು.

ಒಂದು ತಾಸಾಯಿತು. ಎರಡಾಯಿತು. ಸಾಹೇಬರ ಫೋನ್ ಬಂತು. ಸುತ್ತ ಗಿಡ ಬಿಟ್ಟರೆ ಏನೂ ಕಾಣುತ್ತಿಲ್ಲವಂತೆ, ಬೆನ್ನ ಹಿಂದೆ ಏನೋ ಸರಸರ ಅನ್ನುತ್ತಿದೆಯಂತೆ.

"ಬರ್ತೇನ್ರಿ. ಆದ್ರ ಬೋಳು ನೆಲದಾಗ ದಾರಿ ತಪ್ಪಿದ್ದು ಹೆಂಗ್ರಿ, ಸಾಹೇಬ್ರ?"

ಆ ಕಡೆ ಕಾಗದ ತಿರುವಿದ ಸದ್ದು, ಆಮೇಲೆ ಪೆನ್ನಿನ ಸದ್ದು.

"ದಟ್ಟ ಕಾಡು ಅಂತ ಬರದೇನ್ರಿ. ಈಗರೆ ಲಗೂ ಬರ್ರಿ."