ಮಗಳಿಗಾಗಿ ಸಾಲ್ಮನ್ ಹೆಚ್ಚಿದ್ದು

ಹೊಗೆ ಹಾಕಿದ ಸಾಲ್ಮನ್ ಮೀನನ್ನು ತೆಳ್ಳಗೆ ಹೆಚ್ಚುವ ವಿದ್ಯೆಯಲ್ಲಿ, ಕ್ವೀನ್ಸಿನಿಂದ ಬ್ರಾಂಕ್ಸಿನವರೆಗೆ, ನನಗೆ ಸರಿಸಮಾನರು ಇಬ್ಬರೇ ಇದ್ದರು. ಒಬ್ಬ ನನ್ನಪ್ಪ, ತೀರಿಕೊಂಡ. ಇನ್ನೊಬ್ಬ ಅಪ್ಪನ ಎದುರಂಗಡಿಯವ. ಅಪ್ಪ ಹೋದ ಮೇಲೆ ಜಗಳಕ್ಕೆ ಜನ ಸಿಗದೆ ಬೇಜಾರಿನಿಂದ ಅವನೂ ತೀರಿಕೊಂಡ. ಹೀಗೆ ಸಿಂಹಾಸನ ಖಾಲಿಯಾಯಿತು. ನಾನು ಕೂತೆ!

ನಲವತ್ತೊಂದು ವರ್ಷ ನಾನು ಮಾರಿದ್ದು ಕನ್ನಡಕ ಎಂಬುದು ನಿಜ. ಆದರೆ ಬೆಳೆದದ್ದು ಅಪ್ಪನ ಮೀನಂಗಡಿಯ ಕಟ್ಟೆಯ ಕೆಳಗೆ. ಅಪ್ಪ ಹೆಚ್ಚಿದ ಹೋಳನ್ನು ಪತ್ರಿಕೆಯ ಮೇಲಿಟ್ಟರೆ ಮರಣವಾರ್ತೆಯ ಪುಟವನ್ನು ಸಲೀಸಾಗಿ ಓದಬಹುದಿತ್ತು. ದಿನಾ ಹಾಗೇ ಓದುತ್ತಿದ್ದ, ಯಾವ ಗಿರಾಕಿ ಕಡಿಮೆಯಾದ ಅಂತ ನೋಡುವುದಕ್ಕೆ. ಇಂಥ ವಂಶದ ಕುಡಿ ನಾನು!

ನಮಗೆ ಒಬ್ಬಳೇ ಮಗಳು. ಹುಟ್ಟಿದಾಗ ಡೆಬ್ರಾ; ಮೂವತ್ತರ ಹೊತ್ತಿಗೆ, ಅದೇ ಹೆಸರು ಹೀಬ್ರೂವಿನಲ್ಲಿ, ದ್ವೋರಾ. ನಾನೂ ನನ್ನ ಹೆಂಡತಿ ರೋಶೆಲ್ಲೂ ವರ್ಷಕ್ಕೆ ಎರಡು ಸಲ ಸಿನಗಾಗಿಗೆ ಹೋಗುವ ಯೆಹೂದಿಗಳು. ಒಂದು ಸಲ ದೇವರ ಹತ್ತಿರ ಕ್ಷಮೆ ಕೇಳುವುದಕ್ಕೆ, ಇನ್ನೊಂದು ಸಲ ಪಕ್ಕದ ಕುರ್ಚಿಯ ಡಾಕ್ಟರ ಹತ್ತಿರ ಪುಕ್ಕಟೆ ಸಲಹೆ ಕೇಳುವುದಕ್ಕೆ. ಇಂಥ ಮನೆಯಲ್ಲಿ ಹುಟ್ಟಿದವಳು ಮಾನ್ಸಿ ಊರಿನ ಕಟ್ಟಾ ಸಂಪ್ರದಾಯಸ್ಥ ಮೆನಾಖೆಮನನ್ನು ಮದುವೆಯಾದಳು. ಆಮೇಲೆ ಮಡಿಯಲ್ಲಿ ಅವನ ಅಜ್ಜಿಯನ್ನೂ ಹಿಂದೆ ಹಾಕಿದಳು.

ಕೋಷರ್ ಎಂಬ ಈ ಮಡಿ ಸಾಮಾನ್ಯದ್ದಲ್ಲ. ಮಾಂಸ ಮುಟ್ಟಿದ ಪಾತ್ರೆ ಹಾಲು ಬೆಣ್ಣೆಗೆ ಆಗದು, ಹಾಲು ಮುಟ್ಟಿದ್ದು ಮಾಂಸಕ್ಕೆ ಆಗದು. ಎರಡೂ ಪಕ್ಷಗಳಿಗೆ ಬೇರೆ ಬೇರೆ ಕಪಾಟು, ಬೇರೆ ಬೇರೆ ಚಾಕು, ಬೇರೆ ಬೇರೆ ಸ್ಪಂಜು. ಮೀನು ಮಾತ್ರ ಪಕ್ಷೇತರ. ನಮ್ಮ ಅಡುಗೆಮನೆಯಲ್ಲೋ, ನಲವತ್ತೆಂಟು ವರ್ಷದಿಂದ ಸಮ್ಮಿಶ್ರ ಸರ್ಕಾರ!

ಹಾಗಾಗಿ ಆರು ವರ್ಷದಿಂದ ನನ್ನ ಮಗಳು ನನ್ನ ಮನೆಯ ಒಂದು ತುತ್ತೂ ತಿಂದಿರಲಿಲ್ಲ. ಕಳೆದ ಸಲ ಬಂದಾಗ ಗಂಡ ಹೆಂಡತಿ ಸೋಫಾದ ಮೇಲೆ ರೈಲಿಗೆ ಕಾಯುವವರ ಹಾಗೆ ಕೂತು, ತಮ್ಮ ಚೀಲದಿಂದ ಟ್ಯೂನಾ ಮೀನಿನ ಡಬ್ಬಿ ತೆಗೆದು, ಪ್ಲಾಸ್ಟಿಕ್ ಚಮಚದಲ್ಲಿ ತಿಂದರು. ಅವರು ಹೋದ ಮೇಲೆ ರೋಶೆಲ್, ಯಾರೂ ಉಣ್ಣದ ತಟ್ಟೆಗಳನ್ನೆಲ್ಲ ತೊಳೆದಿಟ್ಟಳು. ಮೊಮ್ಮಕ್ಕಳು ಮೂವರು. ಅವರನ್ನು ನಮ್ಮ ಮನೆಗೆ ಕರೆತರುವುದೇ ಇಲ್ಲ. ಮಕ್ಕಳು, ಏನಾದರೂ ಬಾಯಿಗೆ ಹಾಕಿಕೊಂಡರೆ? ನಾವು ಅವರನ್ನು ಪ್ರಾಣಿಸಂಗ್ರಹಾಲಯದಲ್ಲಿ ಭೇಟಿಯಾಗುತ್ತೇವೆ. ಕರಡಿಯ ಜೊತೆಗೇ ನಮ್ಮನ್ನೂ ನೋಡಿ ಹೋಗುತ್ತಾರೆ.

ಅಂಥದ್ದರಲ್ಲಿ ಒಂದು ದಿನ ಫೋನು.

"ಅಪ್ಪ, ಬರೋ ಭಾನುವಾರ ಬ್ರಂಚ್‌ಗೆ ಬರ್ತೀವಿ. ತಣ್ಣಗಿರೋದು ಮಾತ್ರ. ಎಲ್ಲದರ ಮೇಲೂ ಕೋಷರ್ ಮುದ್ರೆ ಇರ್ಬೇಕು. ಹೊಸ ಚಾಕು, ಹೊಸ ಮಣೆ, ಕಾಗದದ ತಟ್ಟೆ. ಆಗುತ್ತಾ?"

"ಆಗುತ್ತಾ ಅಂತೀಯಾ? ಸಾಲ್ಮನ್, ಬೇಗಲ್, ಕ್ರೀಮ್ ಚೀಸ್! ರಾಜಭೋಜನ!"

"ರಾಜ ಬೇಡ. ಎಲ್ಲಾ ಸರಿಹೋದ್ರೆ ಮುಂದಿನ ತಿಂಗಳು ಮಕ್ಕಳನ್ನೂ ಕರ್ಕೊಂಡು ಬರ್ತೀನಿ."

ನಾನು ಫೋನಿಟ್ಟೆ. ರೋಶೆಲ್ ಆಗಲೇ ಅಳಲು ಶುರುಮಾಡಿದ್ದಳು. ಅತ್ತು ಮುಗಿಸಿ, "ಹೆಚ್ಚಿರೋ ಪ್ಯಾಕೆಟ್ಟೇ ತಂದುಬಿಡು ಮೆಲ್ವಿನ್. ಮುದ್ರೆ ಒಡೆದು ತಟ್ಟೆಗೆ ಜೋಡಿಸಿದ್ರೆ ಆಯ್ತು," ಅಂದಳು.

"ಪ್ಯಾಕೆಟ್ಟೇ! ಬಾಡಿಗೆ ಹಲ್ಲುಸೆಟ್ಟು ಹಾಕ್ಕೊಂಡು ಮದುವೆಗೆ ಹೋಗು ಅಂತೀಯಲ್ಲ! ಆರು ವರ್ಷ ಆದ್ಮೇಲೆ ಮಗಳು ನನ್ನ ಕೈತಿಂಡಿ ತಿಂತಾಳೆ. ನಮ್ಮಪ್ಪನ ಹಾಗೆ ಹೆಚ್ಚಿ ಬಡಿಸ್ತೀನಿ!"

"ಅವಳು ಕೇಳಿದ್ದು ಮಡಿ. ನೀನು ಮಾಡೋಕೆ ಹೊರಟಿರೋದು ಸರ್ಕಸ್ಸು."

ನಾನು ಕೇಳಿಸಿಕೊಳ್ಳಲಿಲ್ಲ. ನಾಲ್ಕು ಪೌಂಡಿನ, ಹೆಚ್ಚದ ಇಡೀ ಸಾಲ್ಮನ್ ಪಕ್ಕೆ ತಂದೆ, ಕೋಷರ್ ಮುದ್ರೆಯದ್ದು. ನಾಲ್ಕು ಜನಕ್ಕೆ ಎರಡು ಡಜನ್ ಬೇಗಲ್, ಅಂದರೆ ನಡುವೆ ತೂತಿರುವ ಬನ್ನು, ತಂದೆ. ನಮ್ಮಲ್ಲಿ ಬೇಗಲ್ ಮಿಕ್ಕದಿದ್ದರೆ ಬಂದವರು ಹಸಿದು ಹೋದರು ಅಂತಲೇ ಅರ್ಥ. ಟೊಮೆಟೊ, ನಿಂಬೆ, ಕೆಂಪು ಈರುಳ್ಳಿ, ಉಪ್ಪುನೀರಿನ ಕೇಪರ್ ಮೊಗ್ಗಿನ ಸೀಸೆ. ಹೊಸ ಮಣೆ. ಹೊಸ ಚಾಕು. ಪ್ರತಿಯೊಂದರ ಮುದ್ರೆಯನ್ನೂ ಭೂತಗನ್ನಡಿ ಹಿಡಿದು ಪರೀಕ್ಷಿಸಿದೆ. ಅಂಗಡಿಯವಳು ನನ್ನನ್ನು ಸರ್ಕಾರದ ಇನ್‌ಸ್ಪೆಕ್ಟರ್ ಅಂದುಕೊಂಡು ಕುರ್ಚಿ ಹಾಕಿಸಿದಳು.

ಭಾನುವಾರ ಬೆಳಿಗ್ಗೆ ಎಂಟು ಗಂಟೆ. ರೋಶೆಲ್ ಸ್ನಾನಕ್ಕೆ ಹೋದಳು. ನಾನು ಅಂಗಿಯ ತೋಳು ಮಡಚಿ, ಹೊಸ ಚಾಕುವನ್ನು ಮೀನಿನ ಮೇಲಿಟ್ಟೆ.

ಮೊದಲ ಹೋಳು ಬೂಟಿನೊಳಗಿನ ಅಟ್ಟೆಯ ಹಾಗೆ ಬಂತು. ಎರಡನೆಯದು ಬೆಕ್ಕು ತಿಂದು ಬಿಟ್ಟ ಹಾಗೆ. ಮೂರನೆಯದು ಬರಲೇ ಇಲ್ಲ. ಮೀನಿಗೂ ಚಾಕುವಿಗೂ ನಡುವೆ ಅದೇನೋ ಮುದ್ದೆಯಾಗಿ ಕೂತುಬಿಟ್ಟಿತು. ಬೆಣ್ಣೆ ಸವರುವುದಕ್ಕೆ ಹುಟ್ಟಿದ ಚಾಕು ಅದು! ಮಗಳು ಬರಲು ಇನ್ನು ಎರಡೂವರೆ ಗಂಟೆ. ಎದುರಿಗೆ ಮೀನಿನ ಚಟ್ನಿ. ಮೇಲೆಲ್ಲೋ ಅಪ್ಪ ಮುಖ ಮುಚ್ಚಿಕೊಂಡ ಹಾಗೆ ಭಾಸವಾಯಿತು.

ಆಗ ಕೈ ತಾನಾಗಿಯೇ ಕೆಳಗಿನ ಡ್ರಾಯರಿಗೆ ಹೋಯಿತು. ಅಲ್ಲಿತ್ತು ಅಪ್ಪನ ಚಾಕು. ಉದ್ದನೆಯದು, ಸಾಣೆ ಹಿಡಿದೂ ಹಿಡಿದೂ ದರ್ಭೆಯ ಕಡ್ಡಿಯಷ್ಟು ಸಪೂರ. ಒಂದೇ ತೊಂದರೆ: ಅಪ್ಪ ಹೋದ ಮೇಲೆ ರೋಶೆಲ್ ಅದರಲ್ಲಿ ಹಬ್ಬಕ್ಕೆ ಬೇಯಿಸಿದ ದನದ ಮಾಂಸ ಕೊಯ್ಯುತ್ತಾಳೆ. ಇಪ್ಪತ್ತೆರಡು ವರ್ಷದಿಂದ ಅದು ಮಾಂಸದ ಪಕ್ಷದ ಖಾಯಂ ಸದಸ್ಯ.

ಮೂರು ಸಲ ಸೋಪು ಹಾಕಿ ತೊಳೆದೆ. ಚಾಕು ಥಳಥಳ ಅಂತು. ನನ್ನ ಮನಸ್ಸಾಕ್ಷಿಯೂ ತಕ್ಕಮಟ್ಟಿಗೆ ಥಳಥಳ ಅಂತು. ಹೆಚ್ಚಿದೆ.

ಅಯ್ಯೋ, ಅದೇನು ಹೋಳು! ಒಂದೊಂದೂ ಬೆಳಕಿಗೆ ಹಿಡಿದರೆ ಸೂರ್ಯೋದಯ! ಕೈಗೆ ಮದ ಏರಿತು. ಅದೇ ಚಾಕುವಿನಲ್ಲಿ ಈರುಳ್ಳಿಯನ್ನು ಬಳೆಬಳೆಯಾಗಿ ಹೆಚ್ಚಿ ಮೀನಿನ ಮೇಲೆ ಹೊದಿಸಿದೆ. ಮಿಕ್ಕಿದ್ದನ್ನು ಸಣ್ಣಗೆ ಕೊಚ್ಚಿ ಕ್ರೀಮ್ ಚೀಸಿಗೆ ಕಲಸಿದೆ. ಒಂದು ಡಜನ್ ಬೇಗಲ್ಲನ್ನೂ ಅದರಲ್ಲೇ ಸೀಳಿದೆ. ತಟ್ಟೆ ಜೋಡಿಸಿ ಮುಗಿಸಿದಾಗ, ಅದನ್ನು ತಿನ್ನುವುದೋ ಮ್ಯೂಸಿಯಮ್ಮಿಗೆ ಕೊಡುವುದೋ ಎಂಬ ಹಾಗಿತ್ತು.

ಹತ್ತೂವರೆಗೆ ಅವರು ಬಂದರು. ದ್ವೋರಾ ಮೇಜಿನ ಮುಂದೆ ನಿಂತೇಬಿಟ್ಟಳು.

"ಅಪ್ಪ! ಇದು ತಾತ ಹೆಚ್ಚಿದ ಹಾಗೇ ಇದೆ! ಹೊಸ ಚಾಕುವಲ್ಲಿ ಇಷ್ಟು ತೆಳ್ಳಗೆ ಹೇಗೆ ಬಂತು?"

"ಚಾಕು ಯಾವುದಾದರೇನು? ಕೈ ನಮ್ಮ ವಂಶದ್ದು ತಾನೇ!" ಅಂದೆ. ಸುಳ್ಳಲ್ಲ, ನೋಡಿ. ಸುಳ್ಳಿನ ಹತ್ತಿರದ ನೆಂಟ, ಅಷ್ಟೆ.

ರೋಶೆಲ್ ಮಾತ್ರ ಹೋಳನ್ನು ನೋಡಿದಳು, ನನ್ನನ್ನು ನೋಡಿದಳು, ಕೆಳಗಿನ ಡ್ರಾಯರನ್ನು ನೋಡಿದಳು. ಅವಳ ಮುಖದ ಬಣ್ಣ ಕ್ರೀಮ್ ಚೀಸಿನದಾಯಿತು.

ರೊಟ್ಟಿ ತಿನ್ನುವ ಮೊದಲು ಅವರು ಚೊಂಬಿನಿಂದ ನೀರು ಸುರಿದು ಕೈ ತೊಳೆಯುತ್ತಾರೆ. ತೊಳೆದ ಮೇಲೆ ಪ್ರಾರ್ಥನೆ ಹೇಳಿ ಮೊದಲ ತುತ್ತು ಬಾಯಿಗಿಡುವವರೆಗೆ ಬೇರೆ ಮಾತಾಡುವಂತಿಲ್ಲ. ಚೊಂಬನ್ನೂ ಮನೆಯಿಂದಲೇ ತಂದಿದ್ದರು. ಇಬ್ಬರೂ ಕೈ ತೊಳೆದು, ಮೌನವಾಗಿ ಬಂದು, ಮೌನವಾಗಿ ಕೂತರು. ದ್ವೋರಾ ಬೇಗಲ್ಲಿನ ಹೋಳು ತೆಗೆದುಕೊಂಡಳು. ಚೀಸು ಹಚ್ಚಿದಳು. ಮೀನು ಇಟ್ಟಳು. ಆರು ವರ್ಷ ನಾನು ಕಾದ ತುತ್ತು ಅದು! ನನ್ನ ಕಡೆ ನೋಡಿ ನಕ್ಕಳು, ಚಿಕ್ಕವಳಿದ್ದಾಗ ನಗುತ್ತಿದ್ದ ಹಾಗೆ.

ನನಗೆ ಅವಳ ಮಡಿಯಲ್ಲಿ ನಂಬಿಕೆ ಇಲ್ಲ. ಆದರೆ ಅವಳು ನನ್ನನ್ನು ನಂಬಿ ಕೈ ತೊಳೆದು ಬಂದು ಕೂತಿದ್ದಳು.

"ತಿನ್ನಬೇಡ!" ಎಂದು ಕಿರುಚಿದೆ.

ಎಲ್ಲ ಹೇಳಿದೆ. ಬೂಟಿನ ಅಟ್ಟೆ, ಚಟ್ನಿ, ಡ್ರಾಯರು, ಮೂರು ಸಲ ಸೋಪು. ಹುಟ್ಟಿದಂದಿನಿಂದ ನನ್ನ ಮಗಳು ನಡುವೆ ಬಾಯಿ ಹಾಕದೆ ನನ್ನ ಮಾತು ಪೂರ್ತಿ ಕೇಳಿದ್ದು ಅದೇ ಮೊದಲು. ಪಾಪ, ಬಾಯಿ ಬಿಡುವಂತಿರಲಿಲ್ಲ! ಅಳಿಯ "ಉಂ? ಉಂಉಂ?" ಅನ್ನುತ್ತ ಗಾಳಿಯಲ್ಲಿ ಗರಗಸ ಎಳೆದು ತೋರಿಸಿದ. "ಹೌದಪ್ಪ, ಕೊಯ್ಯೋ ಚಾಕುವೇ!" ಅಂದೆ. ಕಡೆಗೆ ದ್ವೋರಾ ತುತ್ತನ್ನು ತಟ್ಟೆಗಿಟ್ಟು ಮೌನ ಮುರಿದಳು.

"ತಾತನ ಚಾಕು?"

"ತಾತನ ಚಾಕು."

"ಅಮ್ಮ ಮಾಂಸ ಕೊಯ್ಯೋದು?"

"ಅದೇ."

ಮೆನಾಖೆಮ್ ಒಳ್ಳೆಯ ಹುಡುಗ. "ತಡೀರಿ ಮಾವ, ಗುರುಗಳನ್ನ ಕೇಳೋಣ. ದಾರಿ ಇರಬಹುದು," ಎಂದು ತಮ್ಮ ರಬ್ಬಿಗೆ ಫೋನು ಹಚ್ಚಿ, ಚಾಕುವಿನ ಕಥೆ ಹೇಳಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟ. ನಾಲ್ಕು ಪೌಂಡ್ ಮೀನಿನ ಸುತ್ತ ನಾವು ನಾಲ್ವರು, ಆಪರೇಷನ್ ಕೋಣೆಯ ಹೊರಗೆ ಕಾಯುವವರ ಹಾಗೆ ನಿಂತೆವು.

"ಮೀನು ತಣ್ಣಗಿತ್ತಾ?" ರಬ್ಬಿಯ ದನಿ.

"ತಣ್ಣಗಿತ್ತು."

"ಚಾಕು ಚೊಕ್ಕಟವಾಗಿತ್ತಾ?"

"ಮೂರು ಸಲ ತೊಳೆದಿದ್ದೆ!" ನಾನು ಕೂಗಿದೆ.

"ಅದ್ಯಾರು?"

"ನಮ್ಮ ಮಾವ."

"ಓಹೋ." ಆ 'ಓಹೋ'ದಲ್ಲಿ ಮಾವಂದಿರ ಇಡೀ ಚರಿತ್ರೆ ಇತ್ತು. "ಹಾಗಿದ್ರೆ ಭಯ ಬೇಡ. ಮೀನನ್ನ ತಣ್ಣೀರಲ್ಲಿ ತೊಳೆದು ತಿನ್ನಬಹುದು."

ರೋಶೆಲ್ ನನ್ನ ಕೈ ಹಿಡಿದಳು! ನನಗೆ ರಬ್ಬಿಗೆ ಮುತ್ತು ಕೊಡಬೇಕೆನಿಸಿತು. ತೊಳೆಯೋಣ! ಬೇಕಾದರೆ ಇಸ್ತ್ರಿಯನ್ನೂ ಹಾಕೋಣ!

"ಒಂದೇ ಒಂದು ವಿಷಯ," ಅಂದರು ರಬ್ಬಿ. "ಘಾಟಿರೋದು ಏನಾದ್ರೂ ಆ ಚಾಕುವಿನಲ್ಲಿ ಹೆಚ್ಚಿದ್ರಾ? ಘಾಟು ಇದ್ರೆ ಅದು ಚಾಕುವಿನೊಳಗಿನ ಮಾಂಸದ ರುಚಿಯನ್ನ ಎಳ್ಕೊಂಡು, ಮುಟ್ಟಿದ್ದಕ್ಕೆಲ್ಲ ಹಚ್ಚುತ್ತೆ. ಉದಾಹರಣೆಗೆ, ಈರುಳ್ಳಿ?"

ನಾಲ್ಕು ಜೊತೆ ಕಣ್ಣು ಮೀನಿನ ಮೇಲೆ ಹೊದಿಸಿದ ಬಳೆಗಳ ಮೇಲೆ ಬಿದ್ದವು.

"ಹೆಚ್ಚಿದ್ದಾರೆ," ಅಂದ ಮೆನಾಖೆಮ್.

"ಆ ಈರುಳ್ಳಿ ಹಾಲಿನ ಪದಾರ್ಥಕ್ಕೆ ಸೇರಿಲ್ಲ ತಾನೇ?"

ಎಲ್ಲರೂ ಕ್ರೀಮ್ ಚೀಸಿನ ಬೋಗುಣಿ ನೋಡಿದರು. ಅದರ ತುಂಬ ಕೆಂಪು ಚುಕ್ಕಿ, ದಡಾರ ಎದ್ದ ಹಾಗೆ.

"ಸೇರಿದೆ."

"ಬೇಗಲ್ ಸೀಳಿದ್ದು?"

"ಈರುಳ್ಳಿ ಆದ ಮೇಲೆ," ಅಂದೆ ನಾನು, ಸಣ್ಣ ದನಿಯಲ್ಲಿ.

ಫೋನಿನಿಂದ ಉದ್ದನೆಯ ನಿಟ್ಟುಸಿರು ಬಂತು. "ಮೆನಾಖೆಮ್, ನಿಮ್ಮ ಮಾವ ಒಂದನ್ನೂ ಬಿಟ್ಟಿಲ್ಲವಲ್ಲಪ್ಪ."

ರೋಶೆಲ್ ನನ್ನ ಕೈ ಬಿಟ್ಟಳು. "ನಲವತ್ತೆಂಟು ವರ್ಷ, ಈರುಳ್ಳಿ ಹೆಚ್ಚು ಅಂದ್ರೆ ಕಣ್ಣುರಿ ಅಂತ ತಪ್ಪಿಸಿಕೊಂಡ ಮಹಾರಾಯ! ಹೆಚ್ಚೋಕೆ ಇವತ್ತೇ ಆಗ್ಬೇಕಿತ್ತಾ?"

ಉಳಿದದ್ದು ಚೀಲದಲ್ಲಿದ್ದ ಇನ್ನೊಂದು ಡಜನ್ ಬೇಗಲ್, ನನ್ನ ಕೈ ಮುಟ್ಟದ್ದು. ಅವರಿಬ್ಬರೂ ಮತ್ತೆ ಕೈ ತೊಳೆದು, ಒಣ ಬೇಗಲ್ಲನ್ನು ಕೈಯಲ್ಲೇ ಮುರಿದು, ಸೀಸೆಯ ಕೇಪರ್ ಮೊಗ್ಗು ನಂಚಿಕೊಂಡು ತಿಂದರು. ಎದುರಿಗೆ ನಾಲ್ಕು ಪೌಂಡ್ ಸೂರ್ಯೋದಯ ಒಣಗುತ್ತಿತ್ತು.

ಲಿಫ್ಟಿನವರೆಗೆ ಕಳಿಸಲು ಹೋದೆ. ಮೆನಾಖೆಮ್ ಒಳಗೆ ಹೋಗಿ ಬಾಗಿಲು ಹಿಡಿದು ನಿಂತ. ದ್ವೋರಾ ನನ್ನ ಅಂಗಿಯ ಮೇಲಿನ ಮೀನಿನ ಚೂರನ್ನು ಕೊಡವಿದಳು.

"ನೀನು ಹೇಳ್ದೇ ಇದ್ದಿದ್ರೆ ನಾನು ತಿಂದುಬಿಡ್ತಿದ್ದೆ, ಅಪ್ಪ."

"ಗೊತ್ತು."

"ನನಗೆ ಗೊತ್ತೇ ಆಗ್ತಿರ್ಲಿಲ್ಲ."

"ಅದೂ ಗೊತ್ತು."

ಅವಳು ನನ್ನ ಕೆನ್ನೆಗೆ ಮುತ್ತು ಕೊಟ್ಟು ಲಿಫ್ಟಿನೊಳಗೆ ಹೋದಳು. ಕೇಳಬಾರದು ಅಂದುಕೊಂಡಿದ್ದೆ. ಕೇಳಿಯೇಬಿಟ್ಟೆ.

"ಮುಂದಿನ ತಿಂಗಳು ಮಕ್ಕಳು?"

"ಕರ್ಕೊಂಡು ಬರ್ತೀನಿ."

ನನ್ನ ಎದೆ ನಾಲ್ಕನೇ ಮಹಡಿಯಿಂದ ಹದಿನಾಲ್ಕನೆಯದಕ್ಕೆ ಏರಿತು. "ನಿಜವಾಗ್ಲೂ?"

"ನಿಜವಾಗ್ಲೂ ಅಪ್ಪ," ಅಂದಳು, ಮುಚ್ಚುತ್ತಿದ್ದ ಬಾಗಿಲಿನ ಸಂದಿಯಿಂದ. "ನಮ್ಮನೇಲೇ ಹೊಟ್ಟೆತುಂಬ ಊಟ ಮಾಡಿಸಿಕೊಂಡು."