ನಮ್ಮ ಹಾಲಿನ ಡೈರಿಗೆ ಓಗೊಡದ ಸರ್ವರ್ ಸಾಹೇಬರಿಗೆ

ಮಾನ್ಯ ಸರ್ವರ್ ಸಾಹೇಬರೇ,

ಚಿತ್ರದುರ್ಗದ ಎ.ಸಿ. ಕೋಣೆಯಲ್ಲಿ ತಣ್ಣಗೆ ವಿರಾಜಮಾನರಾಗಿರುವ ತಮ್ಮ ಪಾದಾರವಿಂದಗಳಿಗೆ, ಪಾದಗಳಿದ್ದ ಪಕ್ಷದಲ್ಲಿ, ಹಿರಿಯೂರು ತಾಲ್ಲೂಕು ಕರಿಗಲ್ಲುಹಟ್ಟಿ ಹಾಲಿನ ಡೈರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ನೇತ್ರಾವತಿ ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಾವು ಹೂಂ ಎನ್ನದೆ ಒಂದು ಲೋಟ ಹಾಲೂ ದೊಡ್ಡ ಕ್ಯಾನಿಗೆ ಬೀಳಕೂಡದೆಂಬ ಹೊಸ ಕಟ್ಟಳೆಯನ್ನು ನಾವು ತಲೆಬಾಗಿ ಪಾಲಿಸುತ್ತಿದ್ದೇವೆ.

ತಪ್ಪು ನಮ್ಮದೇ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಹಾಲು ಪರೀಕ್ಷಿಸಿ ತಮಗೆ ಲೆಕ್ಕ ಒಪ್ಪಿಸುವ ಯಂತ್ರ ಕೂರಿಸಿದ ಇಂಜಿನಿಯರು ಸೆಟ್ಟಿಂಗಿನ ಪುಟ ತೆರೆದಿಟ್ಟು, ಖಾಲಿ ಜಾಗ ತುಂಬಿಕೊಳ್ಳಿ ಎಂದು ಬಸ್ಸು ಹತ್ತಿದರು. ನಮ್ಮ ಕಾರ್ಯದರ್ಶಿ ರೇವಣಸಿದ್ದಪ್ಪನವರು ಮರ್ಯಾದಸ್ಥರು, ಎಲ್ಲವನ್ನೂ ಊರಿನ ಪದ್ಧತಿಯಂತೆ ತುಂಬಿಸಿದರು. ನಿಮಿಷಕ್ಕೊಮ್ಮೆ ತಮ್ಮನ್ನು 'ಇದ್ದೀರಾ?' ಎಂದು ವಿಚಾರಿಸುವ ಏರ್ಪಾಟನ್ನು, ದೊಡ್ಡವರನ್ನು ಹಾಗೆ ಕೇಳುವುದು ಅಪಶಕುನವೆಂದು ತೆಗೆಸಿದರು. ಸಂಪರ್ಕ ಕಡಿದ ಯಂತ್ರ ತಾನಾಗಿ ಮತ್ತೆ ಸೇರಬೇಕೆ ಎಂಬ ಪ್ರಶ್ನೆ ಬಂದಾಗ, "ಹೊಂಟೋರು ಯಾರಾದ್ರೂ ಹೋಗ್ತೀನಿ ಅಂತಾರೇನವ್ವ? ಹೋಗಿ ಬರ್ತೀನಿ ಅಂತಾರೆ. ಹೌದು ಅಂತ ಒತ್ತು" ಎಂದರು. ಒತ್ತಿದೆ.

ಅಂದಿನಿಂದ ಕರೆಂಟು ಕಣ್ಣು ಮಿಟುಕಿಸಿದಾಗಲೆಲ್ಲ ನಮ್ಮ ಯಂತ್ರ ಹೋಗಿ ಬರುತ್ತಿದೆ. ನಿಮಿಷಕ್ಕೊಮ್ಮೆಯ ವಿಚಾರಣೆ ನಿಂತಿರುವುದರಿಂದ ಹೋದದ್ದು ತಮಗೆ ಗೊತ್ತಾಗುವುದಿಲ್ಲ. ಬಂದದ್ದನ್ನು ಮಾತ್ರ ಹೊಸ ನೆಂಟರೆಂದು ಬರಮಾಡಿಕೊಂಡು, ಹಳೆಯ ಮಣೆ ಎತ್ತದೆ ಇನ್ನೊಂದು ಮಣೆ ಹಾಕುತ್ತೀರಿ. ಇಂಥ ಉಪಚಾರವನ್ನು ನಾನು ಬೀಗರ ಮನೆಯಲ್ಲೂ ಕಂಡಿಲ್ಲ. ತಮ್ಮಲ್ಲಿ ನಮ್ಮ ಊರಿಗೆಂದು ಇರುವುದು ಇಪ್ಪತ್ತೈದು ಮಣೆಯಂತೆ. ಇಪ್ಪತ್ತೈದೂ ಮಣೆಗಳ ಮೇಲೆ ನಮ್ಮದೇ ಯಂತ್ರವನ್ನು ಕೂರಿಸಿಕೊಂಡು, ಬಾಗಿಲಲ್ಲಿ ನಿಂತ ನಮಗೆ 'ಜಾಗವಿಲ್ಲ, ನಂತರ ಪ್ರಯತ್ನಿಸಿ' ಎನ್ನುತ್ತೀರಿ.

ನಮಗೆ ತಾಳ್ಮೆಯಿದೆ, ಹಾಲಿಗಿಲ್ಲ. ದಿನಾ ಬೆಳಗ್ಗೆ ತಾವು ಮಣೆಗಳನ್ನು ಖಾಲಿ ಮಾಡುವುದರಿಂದ ಆರಕ್ಕೆ ಬಂದವರ ಹಾಲು ಹೇಗೋ ದಾಟುತ್ತದೆ. ಮೊಣಕಾಲು ನೋವಿನ ಬೊಮ್ಮಕ್ಕ ಕುಂಟುತ್ತ ಬರುವಷ್ಟರಲ್ಲಿ ಮಣೆಗಳು ತುಂಬಿರುತ್ತವೆ. ಡೈರಿ ಶುರುವಾದ ದಿನ ಮೊದಲ ಚೊಂಬು ಹಾಲು ಹಾಕಿದವರು ಅವರು. ಸದಸ್ಯರ ಪಟ್ಟಿಯಲ್ಲಿ ಒಂದನೇ ನಂಬರು. ಮೂರು ದಿನ ಹಾಲು ಹಾಕದವರ ಸದಸ್ಯತ್ವ ರದ್ದು ಎಂಬುದು ತಮ್ಮದೇ ಇನ್ನೊಂದು ಕಟ್ಟಳೆ. ಸೋಮವಾರ, ಮಂಗಳವಾರ ಅವರ ಎಮ್ಮೆಯ ಹಾಲು ತಮ್ಮ ಬಾಗಿಲಲ್ಲೇ ಒಡೆಯಿತು. ಇಂದು ಮೂರನೆಯ ದಿನ, ಕ್ಯಾನು ತೆರೆದಿಟ್ಟು ಎದುರಿಗೇ ಕೂತಿರುವ ಅವರ ಮುಖ ನೋಡಲು ನನಗೆ ನಾಚಿಕೆಯಾಗುತ್ತಿದೆ.

ಆದ್ದರಿಂದ ದಯಮಾಡಿ ಆ ಇಪ್ಪತ್ತೈದರಲ್ಲಿ ಒಬ್ಬರನ್ನಾದರೂ ಎಬ್ಬಿಸಿರಿ. ಏಳದಿದ್ದರೆ ಕೈ ತೊಳೆಯಲೆಂದು ಹಿತ್ತಲಿಗೆ ಕರೆದೊಯ್ದು ಬಾಗಿಲು ಹಾಕಿಕೊಳ್ಳಿರಿ. ಅದೂ ಆಗದಿದ್ದರೆ, ತಾವು ಸಿಗುವವರೆಗೆ ಹಾಲು ಹುಳಿಯಾಗಕೂಡದೆಂದು ಒಂದು ಸುತ್ತೋಲೆ ಹೊರಡಿಸಿ, ಅದರ ಪ್ರತಿಯನ್ನು ಎಮ್ಮೆಗೆ ಕಳಿಸಿಕೊಡಬೇಕಾಗಿ ಪ್ರಾರ್ಥನೆ.

ಇಂತಿ, ಹೊಸ್ತಿಲಾಚೆಯೇ ನಿಂತಿರುವ ತಮ್ಮ ವಿಶ್ವಾಸಿ,
ನೇತ್ರಾವತಿ

ತಾ.ಕ.: ಸಹಿ ಹಾಕುವಷ್ಟರಲ್ಲಿ ನನ್ನ ಮೊಬೈಲಿಗೆ ತಮ್ಮಿಂದ ಎರಡು ಸಂದೇಶ ಒಟ್ಟಿಗೆ ಬಂದವು. ಬೊಮ್ಮಕ್ಕನ ಸೋಮವಾರದ ಹಾಲು ಉತ್ತಮ ದರ್ಜೆಯದು ಎಂದು ಒಂದು. ಒಂದನೇ ನಂಬರಿನ ಸದಸ್ಯತ್ವ ರದ್ದಾಗಿದೆ ಎಂದು ಇನ್ನೊಂದು. ಓದಿ ಹೇಳಿದೆ. "ಆಗ್ಲೇಳವ್ವ, ನಮ್ಮೆಮ್ಮೆ ಏನು ಅದುನ್ನ ಕೇಳಿ ಹಾಲು ಕೊಡ್ತೈತಾ?" ಎಂದು ಬೊಮ್ಮಕ್ಕ ಕ್ಯಾನಿನ ಮುಚ್ಚಳ ಹಾಕಿ ಎದ್ದರು. ನಾನು ಅವರ ಕ್ಯಾನು ಕಿತ್ತುಕೊಂಡು, ತಮ್ಮ ಅಪ್ಪಣೆಯಿಲ್ಲದೆ, ಹಾಲನ್ನು ದೊಡ್ಡ ಕ್ಯಾನಿಗೆ ಸುರಿದಿದ್ದೇನೆ. ಈಗ ಅದು ಊರವರೆಲ್ಲರ ಹಾಲಿನಲ್ಲಿ ಬೆರೆತಿದೆ. ಬೊಮ್ಮಕ್ಕನದು ಯಾವುದೆಂದು ತಾವೇ ಬಂದು ಬೇರ್ಪಡಿಸಿಕೊಂಡು ಹೋಗಿ.